ಎರಡು ಟೇಪು, ಒಂದು ಸತ್ತ ಡಿಸ್ಕು: ಹಳೆ ಎಐಎಕ್ಸ್ ಯಂತ್ರವನ್ನು ಮತ್ತೆ ಎಬ್ಬಿಸಿದ ವಿವರ

ಕುಶಾಲನಗರದ ಹತ್ತಿರದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಬೆಳೆಗಾರರ ಲೆಕ್ಕವೆಲ್ಲ ಇವತ್ತಿಗೂ ಐಬಿಎಂನ ಹಳೆಯ ಪವರ್5 ಸರ್ವರ್ ಯಂತ್ರದಲ್ಲೇ ನಡೆಯುತ್ತಿದೆ. ಯಾವ ತೋಟದಿಂದ ಎಷ್ಟು ಮೂಟೆ ಚೆರಿ ಬಂತು, ಎಷ್ಟು ಪಾರ್ಚ್‌ಮೆಂಟ್ ಬಂತು, ಔಟ್‌ಟರ್ನ್ (ಸಂಸ್ಕರಿಸಿದ ಮೇಲೆ ಸಿಗುವ ಕಾಳಿನ ಪ್ರಮಾಣ) ಎಷ್ಟು ಸಿಕ್ಕಿತು, ಗ್ರೇಡ್‌ವಾರು ಯಾರ ಲೆಕ್ಕದಲ್ಲಿ ಎಷ್ಟು ಉಳಿದಿದೆ, ಎಲ್ಲವೂ ಅದರೊಳಗೆ. ಐಬಿಎಂನ ಯೂನಿಕ್ಸ್ ಆಪರೇಟಿಂಗ್ ಸಿಸ್ಟಮ್ ಆದ ಎಐಎಕ್ಸ್ 5.3, ಅದರ ಮೇಲೆ ಕೋಬಾಲ್ ಎಂಬ ಹಳೆಯ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಲೆಡ್ಜರ್ ಪ್ರೋಗ್ರಾಂ, ಬ್ಯಾಕಪ್‌ಗೆ ಯಂತ್ರದೊಳಗೇ ಕೂರಿಸಿದ ಡಿಎಟಿ72 ಟೇಪ್ ಡ್ರೈವ್. ಈ ಮಳೆಗಾಲದಲ್ಲಿ ಅದರ ರೂಟ್ ಡಿಸ್ಕ್, ಅಂದರೆ ಆಪರೇಟಿಂಗ್ ಸಿಸ್ಟಮ್ ಕೂತಿರುವ ಡಿಸ್ಕ್, ಸತ್ತುಹೋಯಿತು. ಯಂತ್ರ ಮತ್ತೆ ಎದ್ದು ಮೊದಲ ಔಟ್‌ಟರ್ನ್ ಸ್ಲಿಪ್ ಪ್ರಿಂಟ್ ಆದದ್ದು ಮೊನ್ನೆ. ಎಐಎಕ್ಸ್ 5.3ಕ್ಕೆ ತಯಾರಕರ ಬೆಂಬಲ 2012ರ ಏಪ್ರಿಲ್‌ನಲ್ಲೇ ಮುಗಿದಿದೆ. ಇಂಥ ಯಂತ್ರ ನೋಡಿಕೊಳ್ಳುತ್ತಿರುವವರಿಗೆ ಕಷ್ಟಕಾಲದಲ್ಲಿ ಫೋನ್ ಮಾಡಲು ಯಾರೂ ಇರುವುದಿಲ್ಲ. ಅದಕ್ಕೇ ಆದದ್ದನ್ನು ಆದ ಕ್ರಮದಲ್ಲೇ ಬರೆದಿಡುತ್ತಿದ್ದೇನೆ.

ಸೂಚನೆ ಮೊದಲೇ ಇತ್ತು. ಎರರ್ ಲಾಗ್ ತೋರಿಸುವ ಎರ್‌ಪಿಟಿ ಕಮಾಂಡ್‌ನಲ್ಲಿ ಡಿಸ್ಕ್ ಎರರ್ 4 ಎಂಬ ಸಾಲುಗಳು ಬೀಳುತ್ತಿದ್ದವು. ಅದು ತಾತ್ಕಾಲಿಕ ದೋಷ, ಒಂದೆರಡು ಬಂದರೆ ಗಾಬರಿಯಿಲ್ಲ. ದಿನಕ್ಕೆ ಹಲವು ಸಲ ಬರತೊಡಗಿದರೆ ಹೊಸ ಡಿಸ್ಕ್ ತರಿಸುವ ಕಾಲ ಬಂತೆಂದೇ ಅರ್ಥ. ಎರರ್ 1, 2, 3 ಬಂದರಂತೂ ಕಾಯುವ ಮಾತೇ ಇಲ್ಲ. ಒಂದು ರಾತ್ರಿ ಗುಡುಗಿನ ಜೊತೆ ಕರೆಂಟು ಹೋಗಿ ಬಂದು ಮಾಡಿತು. ಬೆಳಿಗ್ಗೆ ಯಂತ್ರದ ಮುಂದಿನ ಪುಟ್ಟ ಪರದೆಯಲ್ಲಿ 554 ಎಂಬ ಸಂಖ್ಯೆ ನಿಂತುಬಿಟ್ಟಿತ್ತು.

552, 554, 556 ಈ ಮೂರೂ ಒಂದೇ ಮನೆತನದವು. ರೂಟ್ ವಾಲ್ಯೂಮ್ ಗ್ರೂಪನ್ನು (ಸಿಸ್ಟಮ್ ಇರುವ ಡಿಸ್ಕ್ ಜಾಗದ ಗುಂಪನ್ನು) ತೆರೆಯಲಾಗುತ್ತಿಲ್ಲ ಎಂದು ಹೇಳುತ್ತವೆ. ಫೈಲ್ ಸಿಸ್ಟಮ್ ಕೆಟ್ಟಿರಬಹುದು, ಬದಲಾವಣೆಗಳನ್ನು ಬರೆದಿಡುವ ಜರ್ನಲ್ ಲಾಗ್ ಕೆಟ್ಟಿರಬಹುದು, ಡಿಸ್ಕೇ ಹೋಗಿರಬಹುದು. ಮೊದಲೆರಡಾದರೆ ಟೇಪಿನಿಂದ ಎಲ್ಲವನ್ನೂ ಮರಳಿ ತುಂಬುವ ಅಗತ್ಯವಿಲ್ಲ. ಟೇಪ್ ಅಥವಾ ಸಿಡಿಯಿಂದ ಬೂಟ್ ಮಾಡಿ, ಮೇಂಟೆನೆನ್ಸ್ ಮೆನುವಿಗೆ ಹೋಗಿ, ಫೈಲ್ ಸಿಸ್ಟಮ್‌ಗಳನ್ನು ಮೌಂಟ್ ಮಾಡದೆ (ಬಳಕೆಗೆ ಜೋಡಿಸದೆ) ವಾಲ್ಯೂಮ್ ಗ್ರೂಪನ್ನು ತೆರೆದು, ಫೈಲ್ ಸಿಸ್ಟಮ್ ಪರೀಕ್ಷಿಸಿ ಸರಿಪಡಿಸುವ ಎಫ್‌ಎಸ್‌ಸಿಕೆ ಓಡಿಸಿ, ಬೇಕಾದರೆ ಲಾಗ್‌ಫಾರ್ಮ್‌ನಿಂದ ಲಾಗನ್ನು ಹೊಸದಾಗಿ ಬರೆದರೆ ಅರ್ಧಗಂಟೆಯಲ್ಲಿ ಯಂತ್ರ ಏಳಬಹುದು. ಆದ್ದರಿಂದ 554 ಕಂಡ ತಕ್ಷಣ ರಿಸ್ಟೋರ್‌ಗೆ ಕೈ ಹಾಕಬೇಡಿ. ಇಲ್ಲಿ ಎಫ್‌ಎಸ್‌ಸಿಕೆ ಅರ್ಧಕ್ಕೆ ನಿಂತು ಓದುವ ದೋಷಗಳ ಸರಮಾಲೆಯನ್ನೇ ಕೊಟ್ಟಿತು, ಡಿಸ್ಕಿನೊಳಗಿಂದ ಟಕಟಕ ಸದ್ದೂ ಬರುತ್ತಿತ್ತು. ಹೊಸ ಡಿಸ್ಕ್ ಬೇಕು ಎಂದು ಅಲ್ಲಿಗೆ ಖಾತ್ರಿಯಾಯಿತು.

ಡಿಸ್ಕಿಗೆ ಮಿರರ್, ಅಂದರೆ ಜೋಡಿ ನಕಲು ಡಿಸ್ಕ್, ಇರಲಿಲ್ಲ. ಲೆಡ್ಜರಿನ ಫೈಲುಗಳಿದ್ದ ಹೋಮ್ ಡೈರೆಕ್ಟರಿ ಕೂಡ ಅದೇ ರೂಟ್ ಡಿಸ್ಕಿನಲ್ಲಿತ್ತು. ಆದರೂ ಲೆಕ್ಕ ನೋಡಿಕೊಳ್ಳುವ ರೈಟರ್ ಅಷ್ಟೇನೂ ಹೆದರಿರಲಿಲ್ಲ. "ಸರ್, ದಿನಾ ಸಂಜೆ ಫುಲ್ ಬ್ಯಾಕಪ್ ತೆಗೀತೀವಲ್ಲ, ಮತ್ತೆ ಎಂಥ ಚಿಂತೆ?" ಎಂದರು. ಕಪಾಟಿನಿಂದ ತೆಗೆದ ಟೇಪಿನ ಮೇಲೆ ಫುಲ್ ಬ್ಯಾಕಪ್ ಎಂದೇ ಬರೆದಿತ್ತು. ಮಡಿಕೇರಿಯ ಆಫೀಸಿನಲ್ಲಿ ಇಟ್ಟಿದ್ದ ಇನ್ನೊಂದು ಟೇಪಿನ ಮೇಲೂ ಅದೇ ಬರಹ. 2018 ಮತ್ತು 2019ರ ಆಗಸ್ಟ್‌ನಲ್ಲಿ ಕಾವೇರಿ ಉಕ್ಕಿ ಕುಶಾಲನಗರದ ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗಿದ ಮೇಲೆ ಒಂದು ಟೇಪನ್ನು ಬೆಟ್ಟದ ಮೇಲೆ ಇಡುವ ರೂಢಿ ಶುರುವಾಗಿತ್ತು. ಒಳ್ಳೆಯ ರೂಢಿ. ಆದರೆ ಒಂದೇ ಹೆಸರು ಹೊತ್ತ ಆ ಎರಡು ಟೇಪುಗಳು ಒಂದೇ ಜಾತಿಯವಲ್ಲ.

ಮಡಿಕೇರಿಯಲ್ಲಿದ್ದದ್ದು ಮಳೆ ಶುರುವಾಗುವ ಮೊದಲು ಎಂಕೆಸಿಸ್‌ಬಿ ಕಮಾಂಡ್‌ನಿಂದ ತೆಗೆದ ಸಿಸ್ಟಮ್ ಇಮೇಜ್. ಕಪಾಟಿನಲ್ಲಿದ್ದದ್ದು ಯಂತ್ರ ಕೆಡುವ ಹಿಂದಿನ ಸಂಜೆಯ ಟಾರ್, ಅಂದರೆ ಫೈಲುಗಳನ್ನಷ್ಟೇ ಒಟ್ಟುಕಟ್ಟಿ ಬರೆದದ್ದು. ಈ ವ್ಯತ್ಯಾಸ ತಿಳಿದರೆ ಮುಂದಿನದೆಲ್ಲ ಸಲೀಸು.

ಎಂಕೆಸಿಸ್‌ಬಿ ಟೇಪಿನಲ್ಲಿ ಒಂದರ ಹಿಂದೆ ಒಂದು ನಾಲ್ಕು ಭಾಗಗಳಿರುತ್ತವೆ. ಮೊದಲನೆಯದು ಬೂಟ್ ಇಮೇಜ್: ಕರ್ನಲ್ ಮತ್ತು ಯಂತ್ರ ಏಳಲು ಬೇಕಾದ ಡ್ರೈವರುಗಳು. ಎರಡನೆಯದರಲ್ಲಿ ಇನ್‌ಸ್ಟಾಲ್‌ಗೆ ಬೇಕಾದ ಕಮಾಂಡುಗಳ ಜೊತೆ ಮೂರು ಮುಖ್ಯ ಫೈಲುಗಳಿವೆ: ಇಮೇಜ್ ಡಾಟ್ ಡೇಟಾ, ಬಾಸ್‌ಇನ್‌ಸ್ಟ್ ಡಾಟ್ ಡೇಟಾ, ಟೇಪ್‌ಬಿಎಲ್‌ಕೆಎಸ್‌ಝಡ್. ಡಿಸ್ಕಿನಲ್ಲಿ ಯಾವ ಲಾಜಿಕಲ್ ವಾಲ್ಯೂಮ್ (ಡಿಸ್ಕಿನ ವಿಭಾಗ) ಎಷ್ಟು ದೊಡ್ಡದು, ಯಾವ ಫೈಲ್ ಸಿಸ್ಟಮ್ ಎಲ್ಲಿ ಮೌಂಟ್ ಆಗಬೇಕು ಎಂಬ ಇಡೀ ನಕ್ಷೆ ಇಮೇಜ್ ಡಾಟ್ ಡೇಟಾದಲ್ಲಿದೆ. ಮೂರನೆಯದು ಹೆಸರಿಗಷ್ಟೇ ಇರುವ ವಿಷಯಸೂಚಿ. ನಾಲ್ಕನೆಯದರಲ್ಲಿ ರೂಟ್ ವಾಲ್ಯೂಮ್ ಗ್ರೂಪಿನ ಫೈಲುಗಳು. ಮೊದಲ ಮೂರರ ಬ್ಲಾಕ್ ಸೈಜ್, ಅಂದರೆ ಟೇಪಿಗೆ ಒಂದು ಸಲಕ್ಕೆ ಬರೆಯುವ ತುಂಡಿನ ಅಳತೆ, ಯಾವಾಗಲೂ 512 ಬೈಟ್. ನಾಲ್ಕನೆಯದಕ್ಕೆ ಮಾತ್ರ ಟೇಪ್ ಬರೆದ ದಿನ ಡ್ರೈವಿನಲ್ಲಿ ಏನು ಇಟ್ಟಿತ್ತೋ ಅದೇ ಸೈಜ್. ಈ ಮಾತು ನೆನಪಿರಲಿ, ಮುಂದೆ ಬರುತ್ತದೆ.

ಟಾರ್ ಟೇಪಿನಲ್ಲಿ ಇರುವುದು ಫೈಲುಗಳು ಮಾತ್ರ. ಸ್ಲ್ಯಾಶ್‌ನಿಂದ, ಅಂದರೆ ಡೈರೆಕ್ಟರಿಗಳ ಬುಡದಿಂದ, ಶುರುಮಾಡಿ ಸಮಸ್ತವನ್ನೂ ಬರೆದಿದ್ದರೂ ಅದರಲ್ಲಿ ಬೂಟ್ ರೆಕಾರ್ಡ್ ಇಲ್ಲ, ಡಿಸ್ಕಿನ ನಕ್ಷೆ ಇಲ್ಲ, ವಾಲ್ಯೂಮ್ ಗ್ರೂಪ್ ಕಟ್ಟುವ ವಿವರ ಇಲ್ಲ. ಖಾಲಿ ಡಿಸ್ಕಿನ ಮುಂದೆ ಅದು ಅಸಹಾಯಕ. ಮೇಲಾಗಿ ಓಡುತ್ತಿರುವ ಪ್ರೋಗ್ರಾಂಗಳ ತಾತ್ಕಾಲಿಕ ವಿವರವಿರುವ ಪ್ರಾಕ್ ಡೈರೆಕ್ಟರಿಯ ಕಸವೂ ಅದರಲ್ಲಿ ಸೇರಿರುತ್ತದೆ. ಹಾಗೆಂದು ಟಾರ್ ದಂಡವೆಂದಲ್ಲ. ಇಮೇಜ್ ತೆಗೆದ ದಿನದಿಂದ ಯಂತ್ರ ಕೆಡುವ ಹಿಂದಿನ ಸಂಜೆಯವರೆಗಿನ ಲೆಕ್ಕ ಇರುವುದು ಅದರಲ್ಲೇ. ನಮ್ಮ ಪರಿಸ್ಥಿತಿಯಲ್ಲಿ ಎರಡರಲ್ಲಿ ಯಾವುದೊಂದು ಇಲ್ಲದಿದ್ದರೂ ಕೆಲಸ ಕೆಡುತ್ತಿತ್ತು.

ಯಾವ ಟೇಪು ಯಾವುದು ಎಂದು ತಿಳಿಯದಿದ್ದರೆ, ಇನ್ನೊಂದು ಎಐಎಕ್ಸ್ ಯಂತ್ರ ಇರುವವರು ಎಲ್‌ಎಸ್‌ಎಂಕೆಸಿಸ್‌ಬಿ ಕಮಾಂಡಿಗೆ ಟೇಪಿನ ಹೆಸರು ಕೊಟ್ಟು ನೋಡಬಹುದು. ಇಮೇಜ್ ಆಗಿದ್ದರೆ ಒಳಗಿನದನ್ನು ಹೇಳುತ್ತದೆ. ನಮ್ಮಂತೆ ಇರುವ ಒಂದೇ ಯಂತ್ರ ಮಲಗಿದ್ದರೆ ಟೇಪ್ ಹಾಕಿ ಬೂಟ್ ಮಾಡಿ ನೋಡುವುದೇ ದಾರಿ. ಮೆನು ಬಂದರೆ ಅದು ಇಮೇಜ್. ಮೆನುವಿನವರೆಗೆ ಹೋದ ಮಾತ್ರಕ್ಕೆ ಡಿಸ್ಕಿನ ಮೇಲೆ ಏನೂ ಬರೆಯುವುದಿಲ್ಲ, ಹೆದರಬೇಕಿಲ್ಲ.

ಇದಕ್ಕೂ ಮೊದಲು ಮಾಡಬೇಕಾದ ಒಂದು ಕೆಲಸವಿದೆ. ಟೇಪಿನ ಹಿಂಬದಿಯ ಸಣ್ಣ ಜಾರುಗುಂಡಿಯನ್ನು ಬರೆಯಲು ಬಾರದ ಕಡೆಗೆ ಸರಿಸಿ. ಸಂಜೆ ತಾನಾಗಿ ಓಡುವ ಕ್ರಾನ್ ಕೆಲಸ, ಗಾಬರಿಯಲ್ಲಿ ಹೊಡೆದ ತಪ್ಪು ಕಮಾಂಡ್, ಯಾವುದೂ ಆಮೇಲೆ ಆ ಟೇಪನ್ನು ಅಳಿಸಲಾರದು.

ಮಡಿಕೇರಿಯಿಂದ ಟೇಪ್ ತರಲು ದೂರ ಸುಮಾರು 30 ಕಿಲೋಮೀಟರ್, ಅದೇನೂ ಕಷ್ಟವಲ್ಲ. ಕಷ್ಟ ತೇವದ್ದು. ಜುಲೈನ ಮಡಿಕೇರಿಯಲ್ಲಿ ಬೀರುವಿನೊಳಗಿನ ಬಟ್ಟೆಗೇ ಬೂಷ್ಟು ಹಿಡಿಯುತ್ತದೆ, ಟೇಪನ್ನು ಬಿಡುತ್ತದೆಯೇ? ಕ್ಯಾಸೆಟ್ಟಿನ ಪ್ಲಾಸ್ಟಿಕ್ ಡಬ್ಬಿಯ ಮೇಲೆ ಬಿಳಿ ಪುಡಿಯಂಥದ್ದು ಕಾಣಿಸಿತು. ಬೂಷ್ಟು ಹಿಡಿದ ಟೇಪನ್ನು ಡ್ರೈವಿಗೆ ಹಾಕಿದರೆ ಅದು ಹೆಡ್‌ಗೆ ಅಂಟಿಕೊಂಡು ಆಮೇಲೆ ಹಾಕುವ ಒಳ್ಳೆಯ ಟೇಪುಗಳನ್ನೂ ಕೆಡಿಸುತ್ತದೆ. ಮುಂದಿನ ಮುಚ್ಚಳವನ್ನು ಸ್ವಲ್ಪವೇ ಎತ್ತಿ ಟಾರ್ಚ್ ಬಿಟ್ಟು ನೋಡಿದೆವು. ಟೇಪಿನ ಪಟ್ಟಿ ಹೊಳೆಯುತ್ತಿತ್ತು, ಅಂಚಿನಲ್ಲಿ ಚುಕ್ಕೆಗಳಿರಲಿಲ್ಲ. ಬೂಷ್ಟು ಹೊರಡಬ್ಬಿಯಲ್ಲಷ್ಟೇ ಇತ್ತು. ಹೊಸ ಡಬ್ಬಿಗೆ ಹಾಕಿ, ಯಂತ್ರವಿರುವ ಕೋಣೆಯಲ್ಲೇ ಒಂದು ದಿನ ಬಿಟ್ಟೆವು. ತಣ್ಣಗಿನ ತೇವದ ಜಾಗದಿಂದ ತಂದ ಟೇಪನ್ನು 24 ಗಂಟೆ ಹೊಂದಿಕೊಳ್ಳಲು ಬಿಡದೆ ಡ್ರೈವಿಗೆ ಹಾಕಬಾರದು. ಅವಸರ ಎಷ್ಟೇ ಇರಲಿ, ಇರುವ ಒಂದೇ ಟೇಪನ್ನು ಪಣಕ್ಕಿಡುವಷ್ಟು ದೊಡ್ಡದಲ್ಲ.

ಆ ಬಿಡುವಿನಲ್ಲೇ ಡಿಸ್ಕಿನ ಹುಡುಕಾಟ. ಯಂತ್ರಕ್ಕೆ ಬೇಕಾದದ್ದು 80 ಪಿನ್ ಕನೆಕ್ಟರಿನ ಅಲ್ಟ್ರಾ320 ಸ್ಕಸಿ (ಹಳೆಯ ಸರ್ವರ್‌ಗಳ ಡಿಸ್ಕ್ ಜೋಡಣೆಯ ಬಗೆ) ಡಿಸ್ಕು. ಮೈಸೂರಿನಲ್ಲಿ ಸಿಗಲಿಲ್ಲ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಹಳೆಯದು ಸಿಕ್ಕಿತು, ಆದರೆ 73 ಜಿಬಿಯದು. ಸತ್ತದ್ದು 146 ಜಿಬಿ. ಡಿಸ್ಕಿಗೆ ಕೊಟ್ಟದ್ದಕ್ಕಿಂತ ಕಾರಿನ ಬಾಡಿಗೆಯೇ ಹೆಚ್ಚಾಯಿತು. ಇಂಥ ಡಿಸ್ಕ್ ಕೊಳ್ಳುವವರು ಮೂರು ವಿಷಯ ನೋಡಿಕೊಳ್ಳಿ. ಹಳೆಯ ಡಿಸ್ಕಿನ ಟ್ರೇ ಜೋಪಾನ ಮಾಡಿ, ಹೊಸದರ ಜೊತೆ ಟ್ರೇ ಬರುವುದಿಲ್ಲ. ಎರಡು ಡಿಸ್ಕ್ ಕೊಳ್ಳಿ, ಒಂದು ಮಿರರ್‌ಗೆ. ಮೂರನೆಯದು ಎಲ್ಲಕ್ಕಿಂತ ಮುಖ್ಯ: ಡಿಸ್ಕ್ 512 ಬೈಟ್ ಸೆಕ್ಟರಿಗೆ ಫಾರ್ಮ್ಯಾಟ್ ಆಗಿದೆಯೇ ಎಂದು ಕೇಳಿ. ಇಂಥ ಯಂತ್ರಗಳ ರೇಡ್ ಸೆಟ್‌ನಿಂದ (ಹಲವು ಡಿಸ್ಕ್ ಒಟ್ಟುಗೂಡಿಸಿದ್ದು) ಬಿಚ್ಚಿದ ಡಿಸ್ಕುಗಳು 522 ಬೈಟ್ ಸೆಕ್ಟರಿನವಾಗಿರುತ್ತವೆ. ಅಂಥದ್ದನ್ನು ಸಾದಾ ಸ್ಕಸಿಗೆ ಸಿಕ್ಕಿಸಿದರೆ ತಿರುಗುವ ಸದ್ದು ಬರುತ್ತದೆ, ದೀಪವೂ ಉರಿಯುತ್ತದೆ, ಆದರೆ ಇನ್‌ಸ್ಟಾಲ್ ಮೆನುವಿನಲ್ಲಿ ಡಿಸ್ಕ್ ಎಂದು ಕಾಣಿಸುವುದೇ ಇಲ್ಲ. ತಂದ ಎರಡರಲ್ಲಿ ಒಂದು ಹಾಗೇ ಇತ್ತು. ಡಯಾಗ್ನೋಸ್ಟಿಕ್ ಸಿಡಿಯಿಂದ ಬೂಟ್ ಮಾಡಿ 512ಕ್ಕೆ ಮರುಫಾರ್ಮ್ಯಾಟ್ ಮಾಡಬಹುದು, ಆದರೆ ಅದು ಗಂಟೆಗಟ್ಟಲೆ ಹಿಡಿಯುತ್ತದೆ. ನಡುವೆ ಕರೆಂಟು ಹೋದರೆ ಡಿಸ್ಕ್ ಅರ್ಧಂಬರ್ಧ ಸ್ಥಿತಿಯಲ್ಲಿ ಉಳಿಯುತ್ತದೆ. ಸರಿಯಿದ್ದ ಡಿಸ್ಕಿನಲ್ಲಿ ಕೆಲಸ ಶುರುಮಾಡಿ ಇನ್ನೊಂದನ್ನು ಆಮೇಲಿಗೆ ಬಿಟ್ಟೆವು.

ಈಗ ಬೂಟ್. ಲ್ಯಾಪ್‌ಟಾಪನ್ನು ಸೀರಿಯಲ್ ಕೇಬಲ್‌ನಲ್ಲಿ ಯಂತ್ರದ ಮೊದಲ ಪೋರ್ಟಿಗೆ ಸೇರಿಸಿ. ಪವರ್5ರಲ್ಲಿ ವೇಗ 19200, 8 ಬಿಟ್, ಪ್ಯಾರಿಟಿ ಇಲ್ಲ, 1 ಸ್ಟಾಪ್ ಬಿಟ್. ರೂಢಿಬಲದಿಂದ 9600 ಇಟ್ಟರೆ ಪರದೆ ತುಂಬ ಅರ್ಥವಿಲ್ಲದ ಅಕ್ಷರ ಬರುತ್ತದೆ, ಕೇಬಲ್ ಕೆಟ್ಟಿದೆಯೆಂದು ಅದನ್ನು ಬದಲಿಸುತ್ತ ಕೂರುವವರಿದ್ದಾರೆ. ಯಂತ್ರ ಶುರುವಾಗಿ ಮೆಮೊರಿ, ಕೀಬೋರ್ಡ್, ನೆಟ್‌ವರ್ಕ್, ಸ್ಕಸಿ, ಸ್ಪೀಕರ್ ಎಂಬ ಐದು ಪದಗಳು ಒಂದೊಂದಾಗಿ ಮೂಡುವಾಗ 1 ಒತ್ತಿದರೆ ಎಸ್‌ಎಂಎಸ್ ಮೆನು, ಅಂದರೆ ಬೂಟ್ ಎಲ್ಲಿಂದ ಆಗಬೇಕೆಂದು ಆರಿಸುವ ಮೆನು. ಸ್ಪೀಕರ್ ಪದ ಬಂದ ಮೇಲೆ ಒತ್ತಿದರೆ ತಡವಾಯಿತು, ಮತ್ತೆ ಮೊದಲಿನಿಂದ. ಮೆನುವಿನಲ್ಲಿ ಬೂಟ್ ಆಯ್ಕೆಗಳು, ಇನ್‌ಸ್ಟಾಲ್ ಸಾಧನ, ಟೇಪ್, ಸ್ಕಸಿ, ನಂತರ ನಾರ್ಮಲ್ ಮೋಡ್.

ಆಮೇಲೆ ಬರುವ ಕಾಯುವಿಕೆಯಲ್ಲಿ ಬಹಳ ಜನ ತಪ್ಪು ನಿರ್ಧಾರ ಮಾಡುತ್ತಾರೆ. ಟೇಪಿನಿಂದ ಬೂಟ್ ಆಗಿ ಮೊದಲ ಪ್ರಶ್ನೆ ಬರಲು ಹದಿನೈದು ಇಪ್ಪತ್ತು ನಿಮಿಷ ಹಿಡಿಯಬಹುದು. ಪರದೆಯಲ್ಲಿ ಏನೂ ಇರುವುದಿಲ್ಲ. ಟೇಪ್ ಸ್ವಲ್ಪ ಓಡುತ್ತದೆ, ನಿಲ್ಲುತ್ತದೆ, ಹಿಂದೆ ಹೋಗುತ್ತದೆ. ಸತ್ತೇ ಹೋಯಿತೆಂದು ಪವರ್ ತೆಗೆಯಬೇಡಿ. ಮುಂಭಾಗದ ಸಂಖ್ಯೆಗಳು ಬದಲಾಗುತ್ತಿದ್ದರೆ ಕೆಲಸ ನಡೆಯುತ್ತಿದೆ. ಸಿ31 ಎಂದು ನಿಂತರೆ ಕನ್ಸೋಲ್ ಆರಿಸು ಎಂದು ಕೇಳುತ್ತಿದೆ, ಲ್ಯಾಪ್‌ಟಾಪಿನಲ್ಲಿ 1 ಒತ್ತಿ ಎಂಟರ್ ಕೊಡಿ.

ಮೆನು ಬಂದಾಗ ನಿಜಕ್ಕೂ ಉಸಿರು ಬಿಟ್ಟೆವು. ಮೊದಲ ಆಯ್ಕೆ ಡೀಫಾಲ್ಟ್ ಸೆಟ್ಟಿಂಗ್‌ನಲ್ಲಿ ಈಗಲೇ ಇನ್‌ಸ್ಟಾಲ್. ಅದನ್ನು ಒತ್ತುವ ಚಪಲ ತಡೆದುಕೊಂಡು ಎರಡನೆಯದಕ್ಕೆ ಹೋಗಿ ಎರಡು ವಿಷಯ ನೋಡಿ. ಒಂದು, ಯಾವ ಡಿಸ್ಕಿಗೆ ಬರೆಯುತ್ತಿದೆ ಎಂಬುದು. ಬೇರೆ ಡೇಟಾ ಇರುವ ಡಿಸ್ಕುಗಳು ಯಂತ್ರದಲ್ಲಿದ್ದರೆ ಈ ಹೊತ್ತಿಗೆ ಅವನ್ನು ಹೊರಗೆಳೆದು ಇಡುವುದೇ ಕ್ಷೇಮ. ಎರಡು, ಶ್ರಿಂಕ್ ಫೈಲ್ ಸಿಸ್ಟಮ್ಸ್ ಎಂಬ ಸಾಲು. 146ರ ನಕ್ಷೆ 73ರೊಳಗೆ ಹಿಡಿಸುವುದಿಲ್ಲ. ಒಳಗಿನ ಡೇಟಾ ಇದ್ದದ್ದು 20 ಜಿಬಿಯ ಆಸುಪಾಸು, ಆದರೆ ನಕ್ಷೆಯಲ್ಲಿ ಹೋಮ್‌ಗೇ 100 ಜಿಬಿ ಕೊಟ್ಟಿತ್ತು. ಶ್ರಿಂಕ್ ಅನ್ನು ಯೆಸ್ ಮಾಡಿದರೆ ಪ್ರತಿ ಫೈಲ್ ಸಿಸ್ಟಮನ್ನೂ ಒಳಗಿನ ಫೈಲುಗಳಿಗೆ ಬೇಕಾದಷ್ಟಕ್ಕೇ ಕುಗ್ಗಿಸಿ ಕಟ್ಟುತ್ತದೆ. ಇದಕ್ಕೆ ಆಮೇಲೆ ಒಂದು ಸಣ್ಣ ದಂಡ ತೆರಬೇಕು: ಯಂತ್ರ ಎದ್ದಾಗ ವಾರ್, ಟೆಂಪ್, ಹೋಮ್ ಎಲ್ಲವೂ ತುಂಬಿ ತುಳುಕುತ್ತಿರುತ್ತವೆ. ಬೇರೇನು ಮಾಡುವ ಮೊದಲೂ ಸಿಎಚ್‌ಎಫ್‌ಎಸ್ ಕಮಾಂಡ್‌ನಿಂದ ಅವನ್ನು ಹಿಗ್ಗಿಸಿಕೊಳ್ಳಿ. ವಾರ್ ತುಂಬಿದ್ದರೆ ಪ್ರಿಂಟ್ ಸ್ಪೂಲ್ ಓಡುವುದಿಲ್ಲ, ದೋಷ ಪ್ರಿಂಟರಿನದೆಂದು ನೀವು ಅಲ್ಲಿ ಹುಡುಕುತ್ತಿರುತ್ತೀರಿ.

ಡಿಎಟಿ72ರ ವೇಗ ಸೆಕೆಂಡಿಗೆ ಸುಮಾರು 3 ಎಂಬಿ. 20 ಜಿಬಿ ಎಂದರೆ ಹತ್ತಿರ ಹತ್ತಿರ ಎರಡು ಗಂಟೆ. ಪರದೆಯಲ್ಲಿ ಶೇಕಡಾವಾರು ಏರುತ್ತ ಹೋಗುತ್ತದೆ. ಅದು 37ಕ್ಕೆ ಬಂದಾಗ ಊರಿನ ಕರೆಂಟು ಹೋಯಿತು, ಜನರೇಟರ್ ಹಿಡಿದುಕೊಳ್ಳುವಷ್ಟರಲ್ಲಿ ಹಳೆಯ ಯುಪಿಎಸ್ ಕೈಬಿಟ್ಟಿತು. ಈ ರಿಸ್ಟೋರ್‌ಗೆ ನಡುವಿನಿಂದ ಮುಂದುವರಿಯುವುದು ಗೊತ್ತಿಲ್ಲ. ಮತ್ತೆ ಎಸ್‌ಎಂಎಸ್ ಮೆನು, ಮತ್ತೆ ಇಪ್ಪತ್ತು ನಿಮಿಷ, ಮತ್ತೆ ಸೊನ್ನೆಯಿಂದ. ನಷ್ಟವಾದದ್ದು ಹೊತ್ತು ಮಾತ್ರ, ಟೇಪಿಗೆ ಏನೂ ಆಗಲಿಲ್ಲ. ಎರಡನೆಯ ಸಲ ಕರೆಂಟಿಗೆ ಕಾಯದೆ ಮೊದಲೇ ಜನರೇಟರ್ ಹಚ್ಚಿ, ಮುಗಿಯುವ ತನಕ ಅದರಲ್ಲೇ ನಡೆಸಿದೆವು. ಮಳೆಗಾಲದಲ್ಲಿ ಕೊಡಗಿನಲ್ಲಿ ರಿಸ್ಟೋರ್ ಮಾಡುವವರು ಡೀಸೆಲ್ಲಿನ ಖರ್ಚನ್ನು ಲೆಕ್ಕಕ್ಕೆ ಹಿಡಿದೇ ಕೂರಬೇಕು.

ಯಂತ್ರ ತಾನಾಗಿ ರೀಬೂಟ್ ಆಗಿ ಲಾಗಿನ್ ಕೇಳಿತು. ಅದೇ ಹೋಸ್ಟ್ ಹೆಸರು, ಅದೇ ಐಪಿ, ಅದೇ ಬಳಕೆದಾರರು, ಅದೇ ಪ್ರಿಂಟ್ ಕ್ಯೂಗಳು. ಇಮೇಜಿನ ಶಕ್ತಿ ಇದೇ. ಇದನ್ನೆಲ್ಲ ಕೈಯಿಂದ ಕಟ್ಟಬೇಕೆಂದರೆ ಎಐಎಕ್ಸ್ ಸಿಡಿಗಳು ಬೇಕು, ಅದೇ ಪ್ಯಾಚ್ ಮಟ್ಟ ಬೇಕು, ಯಾರೋ ಎಂದೋ ಮಾಡಿದ ನೂರು ಸಣ್ಣ ಹೊಂದಾಣಿಕೆಗಳು ನೆನಪಿರಬೇಕು. ಬದಲಾದದ್ದು ಡಿಸ್ಕ್ ಮಾತ್ರವಾದ್ದರಿಂದ ಯೂನೇಮ್ ಕಮಾಂಡ್ ತೋರಿಸುವ ಯಂತ್ರದ ಗುರುತು ಮೊದಲಿನದೇ ಉಳಿಯಿತು, ಕೋಬಾಲ್ ರನ್‌ಟೈಮ್‌ನ ಲೈಸೆನ್ಸ್ ತಕರಾರು ಮಾಡಲಿಲ್ಲ. ಬೇರೆ ಯಂತ್ರಕ್ಕೆ ಇಮೇಜ್ ಇಳಿಸುವವರಿಗೆ ಮಾತ್ರ ಅಲ್ಲಿ ಲೈಸೆನ್ಸ್ ತೊಡಕು, ಡ್ರೈವರ್ ತೊಡಕು ಎರಡೂ ಎದುರಾಗುತ್ತವೆ. ಆ ಯಂತ್ರದ ಡ್ರೈವರುಗಳು ಇಮೇಜಿನಲ್ಲಿ ಇಲ್ಲದಿದ್ದರೆ ಎಐಎಕ್ಸ್ ಸಿಡಿಯಿಂದ ಬೂಟ್ ಮಾಡಿ ಟೇಪಿನಿಂದ ತುಂಬಬೇಕು, ಸಿಡಿಯ ಮಟ್ಟ ಇಮೇಜಿನದಕ್ಕಿಂತ ಕೆಳಗಿರಬಾರದು.

ಯಂತ್ರವೇನೋ ಎದ್ದಿತು, ಆದರೆ ಅದು ಎದ್ದದ್ದು ಮೇ ತಿಂಗಳಿನಲ್ಲಿ. ಲೆಡ್ಜರ್ ತೆಗೆದರೆ ಕೊನೆಯ ನಮೂದು ಇಮೇಜ್ ತೆಗೆದ ದಿನದ್ದು. ಇಲ್ಲಿಂದ ಟಾರ್ ಟೇಪಿನ ಸರದಿ, ಮತ್ತು ಎಲ್ಲಕ್ಕಿಂತ ದೊಡ್ಡ ಅಪಾಯ ಇರುವುದೂ ಇಲ್ಲೇ.

ಮ್ಯಾನೇಜರು ಸಹಜವಾಗಿಯೇ ಕೇಳಿದರು: "ಕೊನೆಯ ಸಂಜೆಯ ಫುಲ್ ಬ್ಯಾಕಪ್ ಇದೆಯಲ್ಲ, ಅದನ್ನೇ ಪೂರ್ತಿ ಹಾಕಿಬಿಡಿ." ಹಾಗೆ ಮಾಡಿದರೆ ಎದ್ದ ಯಂತ್ರ ಮತ್ತೆ ಮಲಗುತ್ತದೆ. ಈ ಟಾರ್ ಸ್ಲ್ಯಾಶ್‌ನಿಂದ ಶುರುವಾಗುವ ಪೂರ್ಣ ದಾರಿಗಳನ್ನು ಬರೆದುಕೊಂಡಿದೆ. ಎಐಎಕ್ಸ್‌ನ ಟಾರ್ ಮುಂದಿನ ಸ್ಲ್ಯಾಶನ್ನು ತೆಗೆದುಹಾಕುವುದಿಲ್ಲ. ನೀವು ಯಾವ ಡೈರೆಕ್ಟರಿಯಲ್ಲಿ ನಿಂತಿದ್ದರೂ ಫೈಲುಗಳು ಮೂಲ ಜಾಗಕ್ಕೇ ಹೋಗಿ ಬೀಳುತ್ತವೆ. ಲಿನಕ್ಸ್‌ನ ಗ್ನೂ ಟಾರ್ ಬಳಸಿ ಅಭ್ಯಾಸವಾದವರಿಗೆ ಇದು ಗೊತ್ತಿರುವುದಿಲ್ಲ. ಪೂರ್ತಿ ಬಿಚ್ಚಿದರೆ ಇಟಿಸಿ ಡೈರೆಕ್ಟರಿಯೊಳಗಿನ ಸಾಧನಗಳ ಡೇಟಾಬೇಸ್, ಅಂದರೆ ಓಡಿಎಂ, ಸತ್ತ ಡಿಸ್ಕಿನ ಕಾಲದ್ದಾಗುತ್ತದೆ. ಹೊಸ ಡಿಸ್ಕಿನ ಗುರುತಿಗೂ ಅದಕ್ಕೂ ತಾಳೆಯಾಗುವುದಿಲ್ಲ. ಮುಂದಿನ ಬೂಟ್‌ನಲ್ಲಿ ಮತ್ತೆ 552 ಇಲ್ಲವೇ 554.

ಹಾಗಾಗಿ ಲೆಡ್ಜರಿನ ಡೈರೆಕ್ಟರಿಯೊಂದನ್ನೇ ಹೆಸರಿಸಿ ತೆಗೆಯುವುದೆಂದು ಕೂತೆವು. ಮೊದಲ ಪ್ರಯತ್ನಕ್ಕೇ ಟಾರ್ ಓದುವ ದೋಷ ಕೊಟ್ಟು ನಿಂತಿತು. ಹಿಂದಿನ ಸಂಜೆಯ ಟೇಪು, ಒಣ ಕಪಾಟಿನಲ್ಲಿದ್ದದ್ದು, ಅದೇ ಡ್ರೈವಿನಲ್ಲಿ ಬರೆದದ್ದು. ಟೇಪೂ ಹೋಯಿತೇ ಎಂದು ರೈಟರ್ ಮುಖ ಬಿಳಿಚಿಕೊಂಡಿತು. ಕಾರಣ ಬೇರೆಯೇ ಇತ್ತು. ಡ್ರೈವಿನ ಬ್ಲಾಕ್ ಸೈಜ್ ಕೂಡ ಓಡಿಎಂನಲ್ಲಿ ಕೂತಿರುವ ಒಂದು ಸೆಟ್ಟಿಂಗ್. ಇಮೇಜ್ ತೆಗೆದ ದಿನ ಅದು 1024 ಇತ್ತು. ಅದಾದ ಮೇಲೆ ಡ್ರೈವನ್ನು ವೇರಿಯಬಲ್‌ಗೆ (ಬರೆಯುವ ಪ್ರೋಗ್ರಾಂ ಹೇಳಿದ ಅಳತೆಗೆ), ಅಂದರೆ 0ಗೆ ಬದಲಿಸಲಾಗಿತ್ತು, ದಿನನಿತ್ಯದ ಟಾರ್ ಬರೆದದ್ದು ಹಾಗೆಯೇ. ಇಮೇಜ್ ಇಳಿದಾಗ ಅದರ ಜೊತೆ ಹಳೆಯ 1024 ಕೂಡ ವಾಪಸು ಬಂದು ಕೂತಿತ್ತು. ಟೇಪಿಗೆ ಏನೂ ಆಗಿರಲಿಲ್ಲ, ಓದುವ ಅಳತೆ ತಪ್ಪಿತ್ತು.

ಟೇಪನ್ನು ಯಾವ ಅಳತೆಯಲ್ಲಿ ಬರೆದಿದೆ ಎಂದು ತಿಳಿಯದಿದ್ದರೆ ಹೀಗೆ ಮಾಡಿ. ಸಾಧನದ ಸೆಟ್ಟಿಂಗ್ ಬದಲಿಸುವ ಸಿಎಚ್‌ಡೆವ್ ಕಮಾಂಡ್‌ನಿಂದ ಆರ್‌ಎಂಟಿ0ರ (ಟೇಪ್ ಡ್ರೈವಿನ ಹೆಸರು) ಬ್ಲಾಕ್ ಸೈಜ್ ಅನ್ನು 0 ಮಾಡಿ. ಡಿಡಿ ಕಮಾಂಡ್‌ನಿಂದ ಬಿಎಸ್ 128ಕೆ, ಕೌಂಟ್ 1 ಎಂದು ಕೊಟ್ಟು ಒಂದೇ ಒಂದು ಬ್ಲಾಕನ್ನು ಟೆಂಪ್‌ನಲ್ಲಿ ಫೈಲಾಗಿ ಉಳಿಸಿ. ಆ ಫೈಲಿನ ಗಾತ್ರವೇ ಟೇಪಿನ ನಿಜವಾದ ಬ್ಲಾಕ್ ಸೈಜ್. ವೇರಿಯಬಲ್‌ನಲ್ಲಿ ಬರೆದ ಸಾಮಾನ್ಯ ಟಾರ್ ಆದರೆ 10240 ಬರುತ್ತದೆ, ಏಕೆಂದರೆ ಟಾರ್ 512ರ 20 ತುಂಡುಗಳನ್ನು ಒಟ್ಟುಮಾಡಿ ಬರೆಯುತ್ತದೆ. 512 ಅಥವಾ 1024 ಬಂದರೆ ಡ್ರೈವನ್ನು ಆ ಅಳತೆಗೇ ಇಟ್ಟು ಓದಿ. ನಮ್ಮದರಲ್ಲಿ 10240 ಕಂಡಿತು. ಆಮೇಲೆ ಟಾರ್ ತಕರಾರಿಲ್ಲದೆ ಓದಿತು.

ಆರ್‌ಎಂಟಿ0 ಮತ್ತು ಆರ್‌ಎಂಟಿ0.1 ಒಂದೇ ಡ್ರೈವ್ ಆದರೂ ನಡತೆ ಬೇರೆ. ಮೊದಲನೆಯದು ಕೆಲಸ ಮುಗಿದ ಕೂಡಲೇ ಟೇಪನ್ನು ಶುರುವಿಗೆ ಸುತ್ತುತ್ತದೆ, ಎರಡನೆಯದು ಇದ್ದಲ್ಲೇ ಬಿಡುತ್ತದೆ. ಇಮೇಜ್ ಟೇಪಿನಿಂದ ಒಂದೇ ಫೈಲು ಬೇಕಾದಾಗ ಇದು ಮುಖ್ಯ. ಆಗ ಡ್ರೈವಿನ ಬ್ಲಾಕ್ ಸೈಜ್ 512 ಮಾಡಿ, ರಿಸ್ಟೋರ್ ಕಮಾಂಡಿಗೆ ಎಸ್2 ಕೊಟ್ಟು ಎರಡನೆಯ ಭಾಗದಿಂದ ಟೇಪ್‌ಬಿಎಲ್‌ಕೆಎಸ್‌ಝಡ್ ಫೈಲನ್ನು ತೆಗೆದು ಓದಿ. ಅದರಲ್ಲಿರುವ ಸಂಖ್ಯೆಗೆ ಡ್ರೈವನ್ನು ಹೊಂದಿಸಿ, ಎಸ್4 ಕೊಟ್ಟು ನಾಲ್ಕನೆಯ ಭಾಗದಿಂದ ಬೇಕಾದ್ದನ್ನು ಎಳೆಯಿರಿ. ಹೆಸರು ಚುಕ್ಕೆ ಸ್ಲ್ಯಾಶ್‌ನಿಂದಲೇ ಶುರುವಾಗಬೇಕು, ಬರೀ ಸ್ಲ್ಯಾಶ್ ಕೊಟ್ಟರೆ ಏನೂ ಸಿಗುವುದಿಲ್ಲ.

ಲೆಡ್ಜರ್ ಬಿಚ್ಚುವ ಮುಂಚೆ ಇನ್ನೊಂದು ಕೆಲಸ: ಇಮೇಜಿನಿಂದ ಬಂದ ಮೇ ತಿಂಗಳ ಲೆಡ್ಜರ್ ಡೈರೆಕ್ಟರಿಗೆ ಬೇರೆ ಹೆಸರಿಟ್ಟು ಪಕ್ಕಕ್ಕೆ ಸರಿಸಿ. ಅದರ ಮೇಲೆಯೇ ಬಿಚ್ಚಿದರೆ, ಮೇ ಆದಮೇಲೆ ಅಳಿಸಿದ ಹಳೆಯ ಫೈಲುಗಳು ಹಾಗೇ ಉಳಿದು ಹೊಸವುಗಳ ಜೊತೆ ಬೆರೆಯುತ್ತವೆ. ಕೋಬಾಲ್‌ನ ಇಂಡೆಕ್ಸ್ ಇರುವ ಫೈಲುಗಳಲ್ಲಿ ಡೇಟಾ ಒಂದು ಫೈಲು, ಇಂಡೆಕ್ಸ್ ಇನ್ನೊಂದು. ಎರಡೂ ಒಂದೇ ಹೊತ್ತಿನವಾಗಿರಬೇಕು. ಇಲ್ಲದಿದ್ದರೆ ಒಬ್ಬ ಬೆಳೆಗಾರರ ಹೆಸರು ತೆಗೆದರೆ ಇನ್ನೊಬ್ಬರ ಮೂಟೆಗಳು ಕಾಣುತ್ತವೆ. ಪ್ರೋಗ್ರಾಂ ಯಾವ ದೋಷವನ್ನೂ ಹೇಳದೆ ಹಾಗೆ ತೋರಿಸಬಲ್ಲದು, ಅದೇ ಭಯಂಕರ. ಬಿಚ್ಚಿದ ಮೇಲೆ ಇಂಡೆಕ್ಸುಗಳನ್ನು ರೀಬಿಲ್ಡ್ ಮಾಡಿಸಿ, ಕಳೆದ ವಾರ ಪ್ರಿಂಟ್ ತೆಗೆದಿದ್ದ ಸ್ಲಿಪ್ಪುಗಳನ್ನು ಪಕ್ಕದಲ್ಲಿಟ್ಟುಕೊಂಡು ರೈಟರ್ ಒಂದೊಂದಾಗಿ ತಾಳೆ ನೋಡಿದರು. ಅವರ ಆ ಕೆಲಸ ಇಲ್ಲದಿದ್ದರೆ ಇಡೀ ರಿಸ್ಟೋರ್ ಸರಿಯಾಗಿದೆ ಎಂದು ಹೇಳಲು ನಮ್ಮ ಬಳಿ ಆಧಾರವೇ ಇರುತ್ತಿರಲಿಲ್ಲ.

ಮೇ ನಂತರ ಸೇರಿಸಿದ ಇಬ್ಬರು ಬಳಕೆದಾರರು ಇಮೇಜಿನಲ್ಲಿರಲಿಲ್ಲ. ಅವರ ಫೈಲುಗಳ ಮಾಲೀಕರ ಜಾಗದಲ್ಲಿ ಬರೀ ಸಂಖ್ಯೆ ಕಾಣುತ್ತಿತ್ತು. ಟಾರ್‌ನಲ್ಲಿದ್ದ ಪಾಸ್‌ವರ್ಡ್ ಫೈಲನ್ನು ನೇರ ಬಿಚ್ಚುವ ಬದಲು ಪ್ಯಾಕ್ಸ್ ಕಮಾಂಡ್ ಬಳಸಿದೆವು. ಅದು ಟಾರ್ ಟೇಪನ್ನು ಓದುತ್ತದೆ, ಮತ್ತು ಎಸ್ ಆಯ್ಕೆಯಲ್ಲಿ ದಾರಿಯ ಮುಂದಿನ ಸ್ಲ್ಯಾಶನ್ನು ಅಳಿಸಿ ಬೇರೆ ಜಾಗಕ್ಕೆ ಇಳಿಸಬಲ್ಲದು. ಹಾಗೆ ಒಂದು ಬದಿಗೆ ಇಳಿಸಿಕೊಂಡು, ಹೋಲಿಸಿ, ಬೇಕಾದ ಸಾಲುಗಳಂತೆ ಬಳಕೆದಾರರನ್ನು ಅದೇ ಸಂಖ್ಯೆಯಲ್ಲಿ ಮತ್ತೆ ಸೃಷ್ಟಿಸಿದೆವು. ಕ್ರಾನ್ ಪಟ್ಟಿಯನ್ನೂ ಹೀಗೆಯೇ ತಂದೆವು.

ಇಷ್ಟಾದ ಮೇಲೂ ಯಾವ ಟೇಪಿನಿಂದಲೂ ಬಾರದ ಸಂಗತಿಗಳಿರಬಹುದು, ನಮ್ಮಲ್ಲಿ ಅದೃಷ್ಟಕ್ಕೆ ಇರಲಿಲ್ಲ. ಎಂಕೆಸಿಸ್‌ಬಿ ರೂಟ್ ವಾಲ್ಯೂಮ್ ಗ್ರೂಪನ್ನು ಮಾತ್ರ ತೆಗೆದುಕೊಳ್ಳುತ್ತದೆ, ಅದರಲ್ಲೂ ಆ ಹೊತ್ತಿಗೆ ಮೌಂಟ್ ಆಗಿದ್ದ ಫೈಲ್ ಸಿಸ್ಟಮ್‌ಗಳನ್ನು ಮಾತ್ರ. ಬೇರೆ ವಾಲ್ಯೂಮ್ ಗ್ರೂಪ್ ಇದ್ದರೆ ಸೇವ್‌ವಿಜಿ ಕಮಾಂಡ್ ಬೇರೆಯಾಗಿ ಓಡಿಸಬೇಕು. ಡೇಟಾಬೇಸ್ ಫೈಲ್ ಸಿಸ್ಟಮ್ ಇಲ್ಲದ ರಾ ಲಾಜಿಕಲ್ ವಾಲ್ಯೂಮ್‌ನಲ್ಲಿದ್ದರೆ ಇಮೇಜ್, ಸೇವ್‌ವಿಜಿ, ಟಾರ್ ಯಾವುದೂ ಅದನ್ನು ಮುಟ್ಟುವುದಿಲ್ಲ. ಡೇಟಾಬೇಸಿನದೇ ಬ್ಯಾಕಪ್ ಸಾಧನ ಬಳಸಬೇಕು, ಇನ್‌ಫಾರ್ಮಿಕ್ಸ್ ಡೇಟಾಬೇಸ್ ಆದರೆ ಆನ್‌ಟೇಪ್. ಬಿಟ್ಟುಬಿಡಬೇಕಾದ ಫೈಲುಗಳ ಪಟ್ಟಿ ಇಡುವ ಎಕ್ಸ್‌ಕ್ಲೂಡ್ ಡಾಟ್ ರೂಟ್‌ವಿಜಿಯನ್ನೂ ಒಮ್ಮೆ ತೆಗೆದು ನೋಡಿ. ಅದರ ಸಾಲುಗಳು ಗ್ರೆಪ್ ಎಂಬ ಹುಡುಕುವ ಕಮಾಂಡಿನ ಮಾದರಿಯವು. ಶುರುವಿನಲ್ಲಿ ಕ್ಯಾರೆಟ್ ಚಿಹ್ನೆ, ಚುಕ್ಕೆ, ಸ್ಲ್ಯಾಶ್ ಹಾಕದೆ ಬರೀ ಸ್ಲ್ಯಾಶ್ ಟೆಂಪ್ ಸ್ಲ್ಯಾಶ್ ಎಂದು ಬರೆದರೆ ದಾರಿಯ ನಡುವೆ ಎಲ್ಲಿ ಟೆಂಪ್ ಬಂದರೂ ಅದೆಲ್ಲ ಬಿಟ್ಟುಹೋಗುತ್ತದೆ.

ಬೇರೆ ಯೂನಿಕ್ಸ್ ಇರುವವರಿಗೂ ಲೆಕ್ಕಾಚಾರ ಇದೇ, ಹೆಸರು ಬೇರೆ. ಎಚ್‌ಪಿ-ಯುಎಕ್ಸ್‌ನಲ್ಲಿ ಇಗ್ನೈಟ್‌ನ ಮೇಕ್ ಟೇಪ್ ರಿಕವರಿ ಬೂಟ್ ಆಗುವ ಟೇಪ್ ಕೊಡುತ್ತದೆ; ದೊಡ್ಡ ಎ ಆಯ್ಕೆ ಕೊಡದಿದ್ದರೆ ಅದರಲ್ಲಿ ಸಿಸ್ಟಮ್ ಏಳಲು ಬೇಕಾದಷ್ಟೇ ಇರುತ್ತದೆ. ಹಳೆಯ ಸೋಲಾರಿಸ್‌ನಲ್ಲಿ ಯುಎಫ್‌ಎಸ್‌ಡಂಪ್ ಟೇಪ್ ಇದ್ದರೂ ಸಿಡಿಯಿಂದ ಬೂಟ್ ಮಾಡಿ, ಡಿಸ್ಕನ್ನು ಕೈಯಿಂದ ಭಾಗ ಮಾಡಿ, ಯುಎಫ್‌ಎಸ್‌ರಿಸ್ಟೋರ್ ಆದಮೇಲೆ ಇನ್‌ಸ್ಟಾಲ್‌ಬೂಟ್ ಓಡಿಸಬೇಕು. ಹಾಗಾಗಿ ಡಿಸ್ಕಿನ ವಿಭಾಗಗಳ ಪಟ್ಟಿಯನ್ನು ಕಾಗದದಲ್ಲಿ ಪ್ರಿಂಟ್ ಮಾಡಿ ಟೇಪಿನ ಜೊತೆ ಇಡಬೇಕು.

ಈಗ ಆ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಎರಡನೆಯ ಡಿಸ್ಕನ್ನೂ 512ಕ್ಕೆ ತಂದು ರೂಟ್ ವಾಲ್ಯೂಮ್ ಗ್ರೂಪನ್ನು ಮಿರರ್ ಮಾಡಿ, ಎರಡೂ ಡಿಸ್ಕಿನ ಮೇಲೆ ಬೂಟ್ ರೆಕಾರ್ಡ್ ಬರೆಯುವ ಬಾಸ್‌ಬೂಟ್ ಓಡಿಸಿ, ಬೂಟ್ ಆಗುವ ಡಿಸ್ಕುಗಳ ಪಟ್ಟಿಯಾದ ಬೂಟ್‌ಲಿಸ್ಟ್‌ಗೆ ಎರಡನ್ನೂ ಸೇರಿಸಿದ್ದೇವೆ. ಮಿರರ್ ಬಂತೆಂದು ಟೇಪ್ ನಿಲ್ಲಿಸಿಲ್ಲ. ಲೆಡ್ಜರಿನ ಫೈಲನ್ನು ಯಾರಾದರೂ ಅಳಿಸಿದರೆ ಎರಡೂ ಡಿಸ್ಕಿನಲ್ಲಿ ಒಟ್ಟಿಗೇ ಅಳಿಯುತ್ತದೆ. ಇಮೇಜನ್ನು ಮೇ ಕೊನೆಯಲ್ಲಿ ಒಮ್ಮೆ, ಕೊಯ್ಲು ಶುರುವಾಗುವ ಮುಂಚೆ ನವೆಂಬರಿನಲ್ಲಿ ಒಮ್ಮೆ, ಜೊತೆಗೆ ಬಳಕೆದಾರರು, ಪ್ರಿಂಟರ್, ಡ್ರೈವ್ ಸೆಟ್ಟಿಂಗ್ ಯಾವುದನ್ನು ಬದಲಿಸಿದರೂ ಆವತ್ತೇ ತೆಗೆಯುವುದೆಂದು ಗೊತ್ತುಮಾಡಿದ್ದೇವೆ. ತೆಗೆಯುವಾಗ ಲೆಡ್ಜರ್ ನಿಂತಿರಬೇಕು. ಎಂಕೆಸಿಸ್‌ಬಿಗೆ ಐ ಆಯ್ಕೆ ಕೊಟ್ಟರೆ ಡಿಸ್ಕಿನ ನಕ್ಷೆಯನ್ನು ಹೊಸದಾಗಿ ಬರೆದುಕೊಳ್ಳುತ್ತದೆ, ದೊಡ್ಡ ಎಕ್ಸ್ ಕೊಟ್ಟರೆ ಟೆಂಪ್ ಸಾಲದಿದ್ದರೆ ತಾನೇ ಹಿಗ್ಗಿಸಿಕೊಳ್ಳುತ್ತದೆ. ಡ್ರೈವ್ ತಾನೇ ಕಂಪ್ರೆಸ್ ಮಾಡುವುದರಿಂದ ಸಾಫ್ಟ್‌ವೇರ್ ಪ್ಯಾಕಿಂಗ್ ಬೇಡವೆನ್ನಲು ಪಿ ಕೂಡ ಕೊಡುತ್ತೇವೆ. ಮುಗಿದ ಮೇಲೆ ಅದೇ ಟೇಪಿನಿಂದ ಬೂಟ್ ಮಾಡಿ ಮೆನುವಿನವರೆಗೆ ಹೋಗಿ, ಅಲ್ಲಿಂದ ಪವರ್ ತೆಗೆದು, ಡಿಸ್ಕಿನಿಂದ ಏಳಿಸುತ್ತೇವೆ.

ದಿನದ ಟಾರ್ ಈಗ ಸ್ಲ್ಯಾಶ್‌ನಿಂದ ಶುರುವಾಗುವುದಿಲ್ಲ. ಲೆಡ್ಜರ್ ಡೈರೆಕ್ಟರಿಗೆ ಹೋಗಿ, ಚುಕ್ಕೆಯಿಂದ ಶುರುಮಾಡಿ ಬರೆಯುತ್ತದೆ, ಎಲ್ಲಿ ಬೇಕಾದರೂ ಇಳಿಸಬಹುದು. ಬರೆದು ಮುಗಿದ ಕೂಡಲೇ ಅದೇ ಸ್ಕ್ರಿಪ್ಟ್ ಟೇಪನ್ನು ಮೊದಲಿನಿಂದ ಓದಿ ಫೈಲುಗಳ ಪಟ್ಟಿಯನ್ನು ಪ್ರಿಂಟರಿಗೆ ಕಳಿಸುತ್ತದೆ. ಪಟ್ಟಿ ಪೂರ್ತಿ ಬಂದರೆ ಟೇಪ್ ಓದುತ್ತದೆ ಎಂದಾಯಿತು. ಲೇಬಲ್ಲಿನಲ್ಲಿ ಫುಲ್ ಬ್ಯಾಕಪ್ ಎಂಬ ಬರಹ ಇನ್ನಿಲ್ಲ. ಎಂಕೆಸಿಸ್‌ಬಿ ಅಥವಾ ಟಾರ್, ತಾರೀಕು, ಎಐಎಕ್ಸ್ ಮಟ್ಟ, ಡ್ರೈವಿನ ಬ್ಲಾಕ್ ಸೈಜ್, ಬರೆದವರ ಸಹಿ, ಇಷ್ಟು ಇರುತ್ತದೆ. ಮಡಿಕೇರಿಗೆ ಹೋಗುವ ಟೇಪನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಇಡುತ್ತಾರೆ, ಪೊಟ್ಟಣವನ್ನು ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಬದಲಿಸುತ್ತಾರೆ. ಕಪಾಟಿನೊಳಗೆ ಬಲ್ಬು ಉರಿಸಿ ಬೆಚ್ಚಗಿಡುವ ನಮ್ಮ ಕಡೆಯ ಪದ್ಧತಿ ಬಟ್ಟೆಗೆ ಸರಿ, ಟೇಪಿಗೆ ಬೇಡ. ಬಲ್ಬಿನ ಹತ್ತಿರ ಶಾಖ ಎಷ್ಟಾಗುತ್ತದೆಂದು ಹಿಡಿತ ಇರುವುದಿಲ್ಲ. ಇನ್ನು ಉಳಿದಿರುವುದು ಎರಡನೆಯ ಡಿಎಟಿ72 ಡ್ರೈವೊಂದನ್ನು ಹುಡುಕುವುದು. ಈಗಿನ ಡ್ರೈವಿನ ಹೆಡ್ ಸ್ವಲ್ಪ ಓರೆಯಾಗಿದ್ದರೂ ತಾನು ಬರೆದದ್ದನ್ನು ತಾನು ಓದಿಕೊಳ್ಳುತ್ತದೆ, ಅದು ಸತ್ತ ದಿನ ಆ ಟೇಪುಗಳನ್ನು ಬೇರೆ ಡ್ರೈವ್ ಓದುತ್ತದೆಯೇ ಎಂದು ಈಗಲೇ ನೋಡಿಕೊಳ್ಳಬೇಕು. ಡಿಎಟಿ160 ಡ್ರೈವ್ ಸಿಕ್ಕರೂ ಆದೀತು, ಅದು ಡಿಎಟಿ72 ಟೇಪನ್ನು ಓದುತ್ತದೆ.